ಹಳೆಯ ಕಾರಿನ ಮಾರಾಟವೂ ಅದರ ಕಾಗದ ಪತ್ರಗಳೂ

ನಮ್ಮ ಸೀಮೆಯ ದನಗಳ ಜಾತ್ರೆಗಳನ್ನು ನೋಡಿದವರಿಗೆ ಅಲ್ಲಿಯ ವ್ಯಾಪಾರದ ಕ್ರಮವು ಗೊತ್ತೇ ಇದೆ. ಕೊಳ್ಳುವವನೂ ಮಾರುವವನೂ ವಲ್ಲಿಯ ಮರೆಯಲ್ಲಿ ಕೈಗೆ ಕೈ ಕೊಟ್ಟು, ಬೆರಳುಗಳನ್ನು ಹಿಡಿದು ಬಿಟ್ಟು, ಬೆಲೆಯನ್ನು ಗೊತ್ತುಮಾಡಿಕೊಳ್ಳುವರು. ಹಣವು ಈ ಕಡೆಗೂ ಹಗ್ಗವು ಆ ಕಡೆಗೂ ಹೋದರೆ ವ್ಯವಹಾರವು ತೀರಿತು. ಮರುವಾರ ಆ ಎತ್ತು ಯಾರನ್ನಾದರೂ ಹಾಯ್ದರೆ, ಹಳೆಯ ಯಜಮಾನನ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಮೋಟಾರು ಗಾಡಿಯ ಮಾತು ಹಾಗಲ್ಲ. ಅದರ ಹಗ್ಗವು ಬೀಗದ ಕೈಯಲ್ಲಿಲ್ಲ, ಸರ್ಕಾರದ ಒಂದು ದಫ್ತರಿನಲ್ಲಿದೆ. ಬೀಗದ ಕೈಯನ್ನು ಕೊಟ್ಟ ಮಾತ್ರಕ್ಕೆ ಹಗ್ಗವನ್ನು ಕೊಟ್ಟಂತೆ ಆಗುವುದಿಲ್ಲ. ಈ ಸಂಗತಿಯನ್ನು ನಾನು ಪುಸ್ತಕದಿಂದ ಕಲಿತವನಲ್ಲ.

ಕೆಲವು ವರ್ಷಗಳ ಹಿಂದೆ, ಹನ್ನೊಂದು ವರ್ಷ ಓಡಿಸಿದ್ದ ನಮ್ಮ ಕಾರನ್ನು ಒಬ್ಬ ದಲ್ಲಾಳಿಯ ಮುಖಾಂತರ ಮಾರಿದೆನು. ಕೊಳ್ಳಲು ಬಂದವರು ವಿನಯವಂತರು. ಹಣವನ್ನು ಬ್ಯಾಂಕಿನ ಮೂಲಕ ನನ್ನೆದುರಿಗೇ ಕಳುಹಿಸಿದರು. ದಲ್ಲಾಳಿಯು ನಾಲ್ಕಾರು ಖಾಲಿ ನಮೂನೆಗಳನ್ನು ಮುಂದಿಟ್ಟು, ಸೀಸದ ಕಡ್ಡಿಯಿಂದ ಗುರುತು ಹಾಕಿದ್ದ ಕಡೆಗಳಲ್ಲಿ ರುಜು ಮಾಡಿಸಿಕೊಂಡನು. “ಇನ್ನು ತಾವು ನಿಶ್ಚಿಂತೆಯಾಗಿರಿ ಸ್ವಾಮಿ, ಹೆಸರು ಬದಲಾಯಿಸುವ ಕೆಲಸ ನಮ್ಮದು” ಎಂದನು. ನಾನೂ ನಿಶ್ಚಿಂತನಾದೆನು. ಒಂದು ವರ್ಷದ ಮೇಲೆ ಬೇರೊಂದು ಜಿಲ್ಲೆಯ ಪೋಲೀಸಿನವರು ಮನೆಗೆ ಬಂದರು. ನನ್ನ ಕಾರು ರಾತ್ರಿ ವೇಳೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರಿಗೆ ತಗುಲಿ, ನಿಲ್ಲದೆ ಹೋಗಿತ್ತು. ಆ ಮನುಷ್ಯರ ಪ್ರಾಣವು ಉಳಿಯಿತು, ಕಾಲು ಮುರಿದಿತ್ತು. “ಗಾಡಿ ನನ್ನದಲ್ಲ” ಎಂದೆನು. “ನಮ್ಮ ದಾಖಲೆಯಲ್ಲಿ ನಿಮ್ಮದೇ” ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ನನ್ನನ್ನು ಕಾಪಾಡಿದ್ದು ನನ್ನ ಬುದ್ಧಿಯಲ್ಲ. ಮಾರಾಟದ ದಿನ ನಮ್ಮ ಮನೆಯವರು ಹಟ ಹಿಡಿದು ಕೊಂಡವರ ಗುರುತಿನ ಚೀಟಿಯ ನಕಲನ್ನು ಇಸಕೊಂಡು, ಅದರ ಹಿಂದೆ ಗಾಡಿ ಕೊಟ್ಟ ತಾರೀಖನ್ನೂ ವೇಳೆಯನ್ನೂ ಬರೆಯಿಸಿ ರುಜು ಹಾಕಿಸಿದ್ದರು. ಆ ಚೂರು ಕಾಗದದಿಂದ ಮೊದಲನೆಯವರೂ, ಅವರಿಂದ ಎರಡನೆಯವರೂ ಸಿಕ್ಕಿದರು. ನಾನು ಮಾತ್ರ ಆರು ತಿಂಗಳು ಠಾಣೆಗೂ ವಕೀಲರ ಮನೆಗೂ ಅಲೆದೆನು. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯನ್ನು ಸಾಲದ ವಿಷಯಕ್ಕೆ ಹೇಳುವುದುಂಟು. ಅದು ಕಾರಿನ ವಿಷಯಕ್ಕೂ ಸಲ್ಲುತ್ತದೆಂದು ಆಗ ತಿಳಿಯಿತು.

ಇದರ ಮೂಲವೆಲ್ಲಿ ಎಂಬುದನ್ನು ಸ್ವಲ್ಪ ವಿಚಾರಿಸೋಣ. ಕಾರು ಒಂದು ಚರಸ್ವತ್ತು. ಅದರ ಕ್ರಯವು 1930ರ ಸರಕು ಮಾರಾಟದ ಕಾಯ್ದೆಗೆ ಒಳಪಟ್ಟದ್ದು. ಆ ಕಾಯ್ದೆಯ ಪ್ರಕಾರ, ಕೊಡುವವನಿಗೂ ಕೊಳ್ಳುವವನಿಗೂ ಯಾವಾಗ ಸ್ವತ್ತು ಕೈ ಬದಲಾಗಬೇಕೆಂಬ ಉದ್ದೇಶವಿರುತ್ತದೆಯೋ ಆಗಲೇ ಅದು ಕೈ ಬದಲಾಗುತ್ತದೆ. ಕಚೇರಿಯ ಮೊಹರಿಗಾಗಿ ಅದು ಕಾದಿರುವುದಿಲ್ಲ. ಆದುದರಿಂದ “ಮಾರಿದೆನು, ಹಣ ಬಂತು, ಗಾಡಿ ಹೋಯಿತು, ಇನ್ನು ಅದು ನನ್ನದಲ್ಲ” ಎಂದು ವಾದಿಸುವವನ ಮಾತು ಪೂರಾ ತಪ್ಪೇನೂ ಅಲ್ಲ. ಆದರೆ ಮೋಟಾರು ವಾಹನಗಳ ಕಾಯ್ದೆಯೆಂಬುದು ಇನ್ನೊಂದುಂಟು. ಅದು ಕೇಳುವ ಪ್ರಶ್ನೆಯೇ ಬೇರೆ. ಗಾಡಿಯು ಬೀದಿಯಲ್ಲಿ ಯಾರನ್ನಾದರೂ ಕೆಡವಿದರೆ, ಬಿದ್ದವನು ಯಾರನ್ನು ಹಿಡಿಯಬೇಕು? ಅದು ಕೇಳುವುದು ಇದನ್ನು.

ಇಲ್ಲಿ ಹಳೆಯ ಕಾಯ್ದೆಗೂ ಹೊಸದಕ್ಕೂ ಒಂದು ಸೂಕ್ಷ್ಮವಾದ ವ್ಯತ್ಯಾಸವಿದೆ. 1939ರ ಕಾಯ್ದೆಯಲ್ಲಿ ‘ಮಾಲೀಕ’ ಎಂಬ ಮಾತಿಗೆ ಕೊಟ್ಟಿದ್ದ ಅರ್ಥವು ಮೈನರುಗಳ ಪೋಷಕರನ್ನೂ, ಕಂತಿನ ಕರಾರಿನ ಮೇಲೆ ಗಾಡಿಯನ್ನು ಇಟ್ಟುಕೊಂಡವರನ್ನೂ ಕುರಿತದ್ದು. ಮಿಕ್ಕವರ ವಿಚಾರದಲ್ಲಿ ಅದು ಮೌನವಾಗಿತ್ತು. 1988ರ ಕಾಯ್ದೆಯು ಈ ಮೌನವನ್ನು ಮುರಿಯಿತು. ಯಾರ ಹೆಸರಿನಲ್ಲಿ ಗಾಡಿಯು ನೋಂದಣಿಯಾಗಿದೆಯೋ ಅವರೇ ಮಾಲೀಕರೆಂದು ಅದು ಸ್ಪಷ್ಟವಾಗಿ ವಿಧಿಸಿತು. ಹೀಗೆ ಒಂದೇ ಗಾಡಿಗೆ ಒಂದು ಕಾಯ್ದೆಯ ಕಣ್ಣಿನಲ್ಲಿ ಒಬ್ಬ ಯಜಮಾನ, ಇನ್ನೊಂದರ ಕಣ್ಣಿನಲ್ಲಿ ಇನ್ನೊಬ್ಬ ಯಜಮಾನ ಇರುವ ಸ್ಥಿತಿಯು ಉಂಟಾಗಬಹುದು. ಮಾರಿದ ದಿನಕ್ಕೂ ಹೆಸರು ಬದಲಾದ ದಿನಕ್ಕೂ ನಡುವಣ ಕಾಲವೆಲ್ಲ ಈ ದ್ವೈತದ ಕಾಲ.

ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಮೊಕದ್ದಮೆಯು ಇದನ್ನು ಚೆನ್ನಾಗಿ ತೋರಿಸುತ್ತದೆ. 2009ರ ಮೇ ತಿಂಗಳಲ್ಲಿ ಬೆಳಗಿನ ಹೊತ್ತು ಕಾರೊಂದನ್ನು ಹಿಂದಕ್ಕೆ ನಡೆಸುತ್ತಿದ್ದಾಗ ಅದು ಬೀದಿಯಲ್ಲಿ ನಡೆದುಹೋಗುತ್ತಿದ್ದ ಇಬ್ಬರಿಗೆ ತಗುಲಿತು, ಒಬ್ಬರು ತೀರಿಹೋದರು. ನೋಂದಣಿಯಲ್ಲಿ ಹೆಸರಿದ್ದವರು, “ನಾನು 2007ರಲ್ಲಿಯೇ ಮಾರಿದ್ದೇನೆ” ಎಂದರು. ಕೊಂಡವರು ಇನ್ನೊಬ್ಬರಿಗೆ ಮಾರಿದ್ದರು, ಅವರು ಮತ್ತೊಬ್ಬರಿಗೆ. ಹೀಗೆ ಗಾಡಿಯು ಕೈಯಿಂದ ಕೈಗೆ ನಡೆದಿತ್ತು, ಹೆಸರು ಮಾತ್ರ ಕದಲಿರಲಿಲ್ಲ. ಅಪಘಾತದ ದಿನ ಗಾಡಿಯು ಯಾರ ವಶದಲ್ಲಿತ್ತೋ ಅವರೇ ಹೊಣೆಯೆಂದು ಉಚ್ಚ ನ್ಯಾಯಾಲಯವು ಹೇಳಿತ್ತು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿ, ನೋಂದಣಿಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಬಾಧ್ಯರೆಂದು ತೀರ್ಮಾನಿಸಿತು. ಗಾಯಗೊಂಡವರೂ ಸತ್ತವರ ಮನೆಯವರೂ ಒಬ್ಬ ಕೊಳ್ಳುಗನಿಂದ ಇನ್ನೊಬ್ಬ ಕೊಳ್ಳುಗನ ಬಳಿಗೆ ಅಲೆಯುತ್ತ ಹೋಗಬೇಕೆಂಬುದು ಕಾಯ್ದೆಯ ಉದ್ದೇಶವಲ್ಲವೆಂಬುದು ಅದರ ಆಧಾರ. ಮಾರಿದವನಿಗೆ ಇದು ಕಠಿನವೆಂದು ತೋರಬಹುದು. ಆದರೆ ಬೀದಿಯಲ್ಲಿ ಬಿದ್ದವನ ಜಾಗದಲ್ಲಿ ನಿಂತು ನೋಡಿದರೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಯಾವುದೆಂದು ನನಗೆ ತೋರದು. ನನ್ನ ಕಾರಿನಿಂದ ಕಾಲು ಮುರಿದುಕೊಂಡವರನ್ನು ಆಸ್ಪತ್ರೆಯಲ್ಲಿ ನೋಡಿದ ಮೇಲಂತೂ ಹಾಗೆಯೇ ತೋರಿತು.

ಇನ್ನು ಕಾಗದಗಳಿಗೆ ಬರೋಣ. ಮುಖ್ಯವಾದವು ಎರಡು ನಮೂನೆಗಳು: 29 ಮತ್ತು 30. ಇವುಗಳನ್ನು ಜನರು ಒಟ್ಟಿಗೆ ಹೇಳಿ ಹೇಳಿ ಅವಳಿ ಮಕ್ಕಳೆಂದು ಭಾವಿಸಿದ್ದಾರೆ. ಎರಡರ ಸ್ವಭಾವವೂ ಬೇರೆ. 29ನೆಯದು ಮಾರುವವನ ವರದಿ: “ಇಂಥ ದಿನ, ಇಂಥ ಗಾಡಿಯನ್ನು, ಇಂಥವರಿಗೆ ವರ್ಗಾಯಿಸಿದ್ದೇನೆ” ಎಂದು ಅವನು ನೋಂದಣಾಧಿಕಾರಿಗೆ ತಿಳಿಸುವ ಪತ್ರ. 30ನೆಯದು ಕೊಂಡವನ ಅರ್ಜಿ: “ಗಾಡಿಯನ್ನು ನನ್ನ ಹೆಸರಿಗೆ ಮಾಡಿಕೊಡಿ” ಎಂಬುದು. ಗಾಡಿಯು ಅದೇ ರಾಜ್ಯದೊಳಗೆ ಉಳಿಯುವುದಾದರೆ ಮಾರಿದವನು ಹದಿನಾಲ್ಕು ದಿನಗಳೊಳಗೆ ವರದಿ ಮಾಡತಕ್ಕದ್ದು. ಅದರ ಪ್ರತಿಯೊಂದನ್ನು ಕೊಂಡವನಿಗೂ ಕಳುಹಿಸತಕ್ಕದ್ದು. ಕೊಂಡವನಿಗೆ ಮೂವತ್ತು ದಿನಗಳ ಅವಕಾಶವುಂಟು. ಇಬ್ಬರೂ ಬೇರೆ ಬೇರೆ ಕಚೇರಿಗಳ ವ್ಯಾಪ್ತಿಯಲ್ಲಿದ್ದರೆ 29ನೆಯ ನಮೂನೆಯು ಎರಡು ಕಚೇರಿಗಳಿಗೂ ಹೋಗಬೇಕು. ಮೈಸೂರಿನಂತಹ ಒಂದೇ ಊರಿನಲ್ಲಿಯೂ ಪಶ್ಚಿಮಕ್ಕೆ ಕೆಎ 09, ಪೂರ್ವಕ್ಕೆ ಕೆಎ 55 ಎಂದು ಎರಡು ಕಚೇರಿಗಳಿರುವುದನ್ನು ನಗರವಾಸಿಗಳು ಮರೆಯಬಾರದು.

ಇದರಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಮಾರುವವನ ವರದಿಯು ಅವನ ಸ್ವಂತ ಕರ್ತವ್ಯ. ಕೊಂಡವನು ಅರ್ಜಿ ಕೊಟ್ಟಾನೆಂದು ಕಾಯುವುದು ಅನಾವಶ್ಯಕ. ಆದರೂ ನಮ್ಮಲ್ಲಿ ನೂರಕ್ಕೆ ತೊಂಬತ್ತು ಮಂದಿಯು ಎರಡು ನಮೂನೆಗಳಿಗೂ ಖಾಲಿಯಾಗಿಯೇ ರುಜು ಹಾಕಿ ಕೊಟ್ಟುಬಿಡುವರು. ತಾರೀಖಿಲ್ಲದ, ಕೊಂಡವನ ಹೆಸರಿಲ್ಲದ ಅಂತಹ ಕಾಗದವು ಮಾರಿದವನಿಗೆ ರಕ್ಷೆಯಲ್ಲ, ದಲ್ಲಾಳಿಗೆ ಅನುಕೂಲ. ಅವನು ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಎರಡು ಮೂರು ಕೈ ದಾಟಿಸಿ, ಕಡೆಯ ಗಿರಾಕಿಯ ಹೆಸರನ್ನು ತನಗೆ ಬೇಕಾದಾಗ ತುಂಬಿಸುವನು. ಮಧ್ಯದ ಪ್ರತಿಯೊಂದು ವರ್ಗಾವಣೆಯ ಶುಲ್ಕವೂ ಅವನಿಗೆ ಉಳಿಯಿತು. ಅಷ್ಟು ಕಾಲದ ಹೊಣೆಯು ಮಾತ್ರ ಮೊದಲ ರುಜುವಿನವರ ತಲೆಯ ಮೇಲೆ. ಖಾಲಿ ನಮೂನೆಗೆ ರುಜು ಹಾಕಕೂಡದು. ಕೊಳ್ಳುವವರ ಹೆಸರು, ವಿಳಾಸ, ತಾರೀಖುಗಳನ್ನು ನಿಮ್ಮ ಕೈಯಿಂದಲೇ ತುಂಬಿ, ತುಂಬಿದ ಮೇಲೆ ನಕಲು ತೆಗೆದಿಟ್ಟುಕೊಂಡು, ಅನಂತರ ಕೊಡಿ. ಈ ಭಾಷಣದಲ್ಲಿ ಮಿಕ್ಕ ಯಾವುದನ್ನು ಮರೆತರೂ ಇದೊಂದನ್ನು ಮರೆಯಬೇಡಿರಿ ಎಂದು ಬೇಡಿಕೊಳ್ಳುತ್ತೇನೆ.

ಈಗ ಈ ಕೆಲಸದ ಬಹುಭಾಗವು ಸರ್ಕಾರದ ಪರಿವಾಹನ ಎಂಬ ಅಂತರ್ಜಾಲದ ತಾಣದ ಮೂಲಕ ನಡೆಯುತ್ತದೆ. ಆಧಾರ್ ಗುರುತಿನ ಮೇಲೆ ಮನೆಯಿಂದಲೇ ನಡೆಸಬಹುದಾದ ಸೇವೆಗಳ ಪಟ್ಟಿಯೊಂದನ್ನು ಕೇಂದ್ರ ಸರ್ಕಾರವು 2022ರಲ್ಲಿ ಪ್ರಕಟಿಸಿತು. ಮಾಲೀಕತ್ವದ ಬದಲಾವಣೆಯೂ ಅದರಲ್ಲಿ ಸೇರಿದೆ. ಆಗ ಮಾರುವವನ ಮೊಬೈಲಿಗೆ ಒಂದು ಗುಪ್ತಸಂಖ್ಯೆ ಬರುತ್ತದೆ. ಹಿಂದಿನ ಕಾಲದ ರುಜುವು ಈಗ ಈ ಸಂಖ್ಯೆಯ ರೂಪವನ್ನು ತಾಳಿದೆಯೆಂದು ತಿಳಿಯಿರಿ. ಏನು ಅರ್ಜಿಯೆಂದು ನೋಡದೆ ಅದನ್ನು ದೂರವಾಣಿಯಲ್ಲಿ ಹೇಳಿಬಿಡುವುದು ಖಾಲಿ ಕಾಗದಕ್ಕೆ ರುಜು ಹಾಕಿದಷ್ಟೇ ಅವಿವೇಕ. ದಾಖಲೆಯಲ್ಲಿರುವ ನಿಮ್ಮ ಮೊಬೈಲಿನ ಸಂಖ್ಯೆಯು ಹಳೆಯದಾಗಿದ್ದರೆ ಮೊದಲು ಅದನ್ನು ತಿದ್ದಿಸಿಕೊಳ್ಳಬೇಕು. ಇಲ್ಲವಾದರೆ ಗಿರಾಕಿಯು ಎದುರಿಗೆ ಕುಳಿತಿರುವಾಗ ಆ ಸಂಖ್ಯೆಯು ಎಂದೋ ಬಿಟ್ಟ ದೂರವಾಣಿಯನ್ನು ಹುಡುಕಿಕೊಂಡು ಹೋಗುವುದು.

ಗಾಡಿಯೊಡನೆ ಹೋಗುವ ಕಾಗದಗಳು ಎಲ್ಲರಿಗೂ ತಿಳಿದವೇ: ನೋಂದಣಿಯ ಪತ್ರ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಪತ್ರ, ತೆರಿಗೆ ಕಟ್ಟಿದ ದಾಖಲೆ. ನೋಂದಣಿಯ ಪತ್ರದಲ್ಲಿರುವ ಎಂಜಿನ್ನಿನ ಮತ್ತು ಚಾಸಿಯ ಸಂಖ್ಯೆಗಳನ್ನು ಗಾಡಿಯ ಮೇಲಿನ ಸಂಖ್ಯೆಗಳೊಡನೆ ತಾಳೆ ನೋಡುವುದು ಕೊಳ್ಳುವವನ ಕೆಲಸವಾದರೂ, ಮಾರುವವನು ತಾನೇ ಮೊದಲು ನೋಡಿಟ್ಟರೆ ಒಳ್ಳೆಯದು. ಒಂದು ಅಕ್ಷರದ ತಪ್ಪು ಇಡೀ ವ್ಯವಹಾರವನ್ನು ನಿಲ್ಲಿಸಬಲ್ಲುದು. ಸ್ವಂತ ಬಳಕೆಯ ಕಾರಿನ ನೋಂದಣಿಗೆ ಹದಿನೈದು ವರ್ಷಗಳ ಆಯುಸ್ಸೆಂಬುದನ್ನೂ, ಅದರ ಮೇಲೆ ತಪಾಸಣೆಯಾಗಿ ನವೀಕರಣವಾಗಬೇಕೆಂಬುದನ್ನೂ ಹಳೆಯ ಗಾಡಿಯನ್ನು ಮಾರುವವರು ಮುಚ್ಚಿಡಬಾರದು. ರಸ್ತೆಯ ನಿಯಮ ತಪ್ಪಿದ್ದಕ್ಕೆ ಹಾಕಿದ ದಂಡಗಳು ನಿಮ್ಮ ಗಮನಕ್ಕೆ ಬಾರದೆ ದಾಖಲೆಯಲ್ಲಿ ಕುಳಿತಿರಬಹುದು, ಅವನ್ನು ತೀರಿಸಿಬಿಡಿ.

ಸಾಲದ ವಿಷಯದಲ್ಲಿ ಎಡವುವವರು ಬಹಳ. ಬ್ಯಾಂಕಿನ ಸಾಲದಿಂದ ಕೊಂಡ ಗಾಡಿಯ ನೋಂದಣಿ ಪತ್ರದಲ್ಲಿ ಬ್ಯಾಂಕಿನ ಆಧಾರದ ನಮೂದು ಇರುತ್ತದೆ. ಕಂತುಗಳೆಲ್ಲ ತೀರಿದ ದಿನ ಆ ನಮೂದು ತಾನಾಗಿಯೇ ಅಳಿದುಹೋಗುವುದೆಂದು ಜನರು ನಂಬಿರುವರು. ಹಾಗಿಲ್ಲ. ಬ್ಯಾಂಕಿನವರು ಬಾಕಿಯಿಲ್ಲವೆಂಬ ಪತ್ರವನ್ನು ಕೊಡಬೇಕು. ಅವರೂ ನೀವೂ ರುಜು ಮಾಡಿದ 35ನೆಯ ನಮೂನೆಯೊಡನೆ ಅದು ನೋಂದಣಾಧಿಕಾರಿಗೆ ಸಲ್ಲಬೇಕು. ಆಮೇಲೆ ನಮೂದು ಹೋಗುತ್ತದೆ. ಸಾಲ ತೀರಿ ಆರು ವರ್ಷವಾದ ಮೇಲೆ ಗಾಡಿ ಮಾರಲು ಹೊರಟು, ಆ ಶಾಖೆಯು ಇನ್ನೊಂದರೊಡನೆ ಸೇರಿಹೋಗಿ, ಹಳೆಯ ಕಡತವು ಸಿಕ್ಕದೆ ಪರದಾಡಿದವರನ್ನು ನಾನು ಬಲ್ಲೆ. ಸಾಲ ತೀರಿದ ವಾರದಲ್ಲಿಯೇ ಇದನ್ನು ಮುಗಿಸುವುದು ಮೇಲು.

ವಿಮೆಯ ಮಾತು ಸ್ವಲ್ಪ ತೊಡಕಿನದು. ಇತರರಿಗೆ ಆದ ಹಾನಿಯನ್ನು ಕುರಿತ ವಿಮೆಯು ಗಾಡಿಯ ವರ್ಗಾವಣೆಯಾದ ದಿನದಿಂದಲೇ ಕೊಂಡವನಿಗೆ ವರ್ಗವಾದಂತೆ ಭಾವಿಸತಕ್ಕದ್ದೆಂದು ಕಾಯ್ದೆಯ 157ನೆಯ ಕಲಮು ಹೇಳುತ್ತದೆ. ಕೊಂಡವನು ಹದಿನಾಲ್ಕು ದಿನಗಳೊಳಗೆ ವಿಮಾ ಸಂಸ್ಥೆಗೆ ಬರೆದು ಹೆಸರನ್ನು ಬದಲಾಯಿಸಿಕೊಳ್ಳಬೇಕು. ಆದರೆ ಗಾಡಿಗೇ ಆದ ಹಾನಿಗೆ, ಅಥವಾ ಗಾಡಿಯು ಕಳುವಾದರೆ ಸಿಕ್ಕತಕ್ಕ ಹಣಕ್ಕೆ, ಈ ‘ಭಾವಿಸತಕ್ಕದ್ದು’ ಎಂಬ ಕೃಪೆಯು ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1990ರ ದಶಕದಲ್ಲಿಯೇ ನಿರ್ಣಯಿಸಿದೆ. ಅದಕ್ಕೆ ವಿಮಾ ಸಂಸ್ಥೆಯೊಡನೆ ಕೊಂಡವನ ಒಡಂಬಡಿಕೆಯು ಬೇಕು. “ವಿಮೆ ಇನ್ನೂ ಎಂಟು ತಿಂಗಳಿದೆ” ಎಂದು ಸಂತೋಷಪಟ್ಟು ಕೊಂಡವನು, ಹೆಸರು ಬದಲಾಯಿಸದೆ ಗಾಡಿಯನ್ನು ಮರಕ್ಕೆ ಗುದ್ದಿಸಿದರೆ ಅವನ ಕೈಗೆ ಬರುವುದು ಸೊನ್ನೆ. ಮಾರುವವನಿಗೆ ಇಲ್ಲಿ ಒಂದು ಲಾಭವುಂಟು. ಪರಿಹಾರವನ್ನು ಕೇಳದೆ ವರ್ಷ ಕಳೆದವರಿಗೆ ವಿಮೆಯ ಕಂತಿನಲ್ಲಿ ಸಿಕ್ಕುವ ರಿಯಾಯಿತಿಯು ಗಾಡಿಯದಲ್ಲ, ಯಜಮಾನನದು. ಸ್ವಂತ ಗಾಡಿಯ ಹಾನಿಯ ಕಂತಿನ ಮೇಲೆ ಅದು ನೂರಕ್ಕೆ ಐವತ್ತರವರೆಗೂ ಏರುತ್ತದೆ. ಮಾರಿದ ಮೇಲೆ ಅದರ ಪತ್ರವನ್ನು ಸಂಸ್ಥೆಯಿಂದ ಪಡೆದುಕೊಂಡರೆ ನಿಮ್ಮ ಮುಂದಿನ ಕಾರಿಗೆ ಬರುವುದು. ಬಹಳ ಮಂದಿ ಇದನ್ನು ತಿಳಿಯದೆ ಬಿಟ್ಟುಬಿಡುವರು.

ಗಾಡಿಯು ಬೇರೆ ರಾಜ್ಯಕ್ಕೆ ಹೋಗುವುದಾದರೆ ದಾರಿ ಇನ್ನೂ ಉದ್ದ. ಆಗ 28ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು, ಇಲ್ಲಿಯ ನೋಂದಣಾಧಿಕಾರಿಯಿಂದ ಆಕ್ಷೇಪಣೆಯಿಲ್ಲವೆಂಬ ಪತ್ರವನ್ನು ಪಡೆಯಬೇಕು. ತೆರಿಗೆ ಬಾಕಿಯಿಲ್ಲ, ಕಳವಿನ ದೂರಿಲ್ಲ ಎಂಬುದು ಅದರ ತಿರುಳು. ಮೂವತ್ತು ದಿನಗಳೊಳಗೆ ಅಧಿಕಾರಿಯು ಕೊಡಲೂ ಇಲ್ಲ, ನಿರಾಕರಿಸಲೂ ಇಲ್ಲವೆಂದರೆ ಕೊಟ್ಟಂತೆಯೇ ಎಂದು ಕಾಯ್ದೆಯು ಹೇಳುವುದಾದರೂ, ಇಲ್ಲದ ಪತ್ರವನ್ನು ಇನ್ನೊಂದು ರಾಜ್ಯದ ಕಚೇರಿಯಲ್ಲಿ ತೋರಿಸಲು ಹೊರಟವರ ಪಾಡನ್ನು ಊಹಿಸಿಕೊಳ್ಳಬಹುದು. ಹೊರರಾಜ್ಯದ ಮಾರಾಟಕ್ಕೆ ಮಾರಿದವನಿಗಿರುವ ಅವಧಿಯು ನಲವತ್ತೈದು ದಿನ. ಕರ್ನಾಟಕದಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಕಾಲಕ್ಕೆ ತಕ್ಕ ಭಾಗವನ್ನು, ಗಾಡಿಯು ಹೊರಗೆ ನೋಂದಣಿಯಾದುದನ್ನು ತೋರಿಸಿ ಹಿಂದಕ್ಕೆ ಕೇಳುವ ಹಕ್ಕೂ ಇದೆ. ಅದು ಯಾರಿಗೆ ಸೇರಬೇಕೆಂಬುದನ್ನು ಬೆಲೆ ಗೊತ್ತುಮಾಡುವಾಗಲೇ ಮಾತಾಡಿಕೊಳ್ಳಬೇಕು.

ತಂದೆಯವರು ತೀರಿಕೊಂಡಿದ್ದಾರೆ, ಅವರ ಕಾರನ್ನು ಮಾರಬೇಕು ಎಂಬ ಸಂದರ್ಭವೂ ಬರುತ್ತದೆ. ತೀರಿಕೊಂಡವರ ಪರವಾಗಿ ಮಕ್ಕಳು ನೇರವಾಗಿ ರುಜು ಹಾಕಿ ಮಾರುವಂತಿಲ್ಲ. ಉತ್ತರಾಧಿಕಾರಿಯು ಮೂವತ್ತು ದಿನಗಳೊಳಗೆ ಅಧಿಕಾರಿಗೆ ಮರಣವನ್ನು ತಿಳಿಸಿದರೆ ಮೂರು ತಿಂಗಳವರೆಗೆ ಗಾಡಿಯನ್ನು ಬಳಸಬಹುದು. ಆ ಅವಧಿಯೊಳಗೆ 31ನೆಯ ನಮೂನೆಯಲ್ಲಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾರಾಟವು ಅನಂತರದ ಮಾತು. ನೋಂದಣಿಯಲ್ಲಿಯೇ ನಾಮನಿರ್ದೇಶಿತರ ಹೆಸರನ್ನು ಬರೆಯಿಸಲು 2021ರಿಂದ ಅವಕಾಶವಾಗಿದೆ. ವಯಸ್ಸಾದವರು ಇದನ್ನು ಮಾಡಿಟ್ಟರೆ ದುಃಖದ ದಿನಗಳಲ್ಲಿ ಮಕ್ಕಳಿಗೆ ಒಂದು ಅಲೆದಾಟ ಕಡಮೆಯಾದೀತು.

ಛಾಪಾ ಕಾಗದದ ಮೇಲಿನ ಕರಾರಿನ ವಿಚಾರವಾಗಿ ನಮ್ಮವರಿಗೆ ಇರುವ ಭಕ್ತಿಯನ್ನು ಕಂಡರೆ ಆಶ್ಚರ್ಯವಾಗುತ್ತದೆ. ನೋಟರಿಯ ಕೆಂಪು ಮೊಹರು ಬಿದ್ದರೆ ಎಲ್ಲವೂ ಮುಗಿಯಿತೆಂದು ಭಾವಿಸುವರು. ಅಂತಹ ಕರಾರನ್ನು ಮೋಟಾರು ಕಾಯ್ದೆಯು ಕೇಳುವುದೂ ಇಲ್ಲ, ಅದು ನೋಂದಣಿಗೆ ಬದಲಾಗುವುದೂ ಇಲ್ಲ. ಹಾಗೆಂದು ಅದು ನಿಷ್ಪ್ರಯೋಜಕವಲ್ಲ; ಸಾಕ್ಷ್ಯವಾಗಿ ಅದಕ್ಕೆ ಬೆಲೆಯಿದೆ. ಅದರ ಭಾಷೆಯು ಗಂಭೀರವಾಗಿರಬೇಕಾಗಿಲ್ಲ, ವಿವರಗಳು ಖಚಿತವಾಗಿದ್ದರೆ ಸಾಕು. ಗಾಡಿಯ ಸಂಖ್ಯೆ, ಎಂಜಿನ್ನು ಮತ್ತು ಚಾಸಿಯ ಸಂಖ್ಯೆ, ಓಡಿದ ಕಿಲೋಮೀಟರು, ಹಣ ಬಂದ ಬಗೆ, ಇದ್ದ ಸ್ಥಿತಿಯಲ್ಲಿಯೇ ಕೊಂಡೆನೆಂಬ ಮಾತು, ಇಬ್ಬರ ಹೆಸರು ವಿಳಾಸಗಳು, ಎಲ್ಲಕ್ಕಿಂತ ಹೆಚ್ಚಾಗಿ ಗಾಡಿಯನ್ನು ಒಪ್ಪಿಸಿದ ತಾರೀಖು ಮತ್ತು ಗಂಟೆ. ಬೆಳಿಗ್ಗೆ ಹತ್ತಕ್ಕೆ ಕೊಟ್ಟ ಗಾಡಿಯು ಮಧ್ಯಾಹ್ನ ಎರಡಕ್ಕೆ ಯಾರಿಗಾದರೂ ತಗುಲಿದರೆ, ತಾರೀಖೊಂದರಿಂದ ಏನೂ ತಿಳಿಯುವುದಿಲ್ಲ. ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ರೂಪಾಯಿಗಳನ್ನಾಗಲಿ ಅದಕ್ಕಿಂತ ಹೆಚ್ಚನ್ನಾಗಲಿ ನಗದಾಗಿ ಸ್ವೀಕರಿಸುವುದನ್ನು ಆದಾಯ ತೆರಿಗೆಯ ಕಾಯ್ದೆಯು 2017ರಿಂದ ನಿಷೇಧಿಸಿದೆ, ದಂಡವು ಪಡೆದವನಿಗೆ.

ಹಳೆಯ ಗಾಡಿಗಳ ವ್ಯಾಪಾರಿಗಳಿಗೆ ಮಾರುವವರಿಗಾಗಿ 2023ರ ಏಪ್ರಿಲ್ 1ರಿಂದ ಒಂದು ಹೊಸ ನಿಯಮವು ಬಂದಿದೆ. ನೋಂದಣಾಧಿಕಾರಿಯಿಂದ ಅಧಿಕಾರಪತ್ರ ಪಡೆದ ವ್ಯಾಪಾರಿಗೆ ಗಾಡಿಯನ್ನು ಒಪ್ಪಿಸಿ, 29ಸಿ ಎಂಬ ನಮೂನೆಯಲ್ಲಿ ತಿಳಿಸಿದರೆ, ಗಾಡಿಯು ಅವನ ಬಳಿ ಇರುವಷ್ಟು ಕಾಲ ಅವನೇ ಮಾಲೀಕನೆಂದು ಭಾವಿಸಲ್ಪಡುವನು. ಗಿರಾಕಿಗೆ ತೋರಿಸುವುದು, ದುರಸ್ತಿ, ಬಣ್ಣ ಮೊದಲಾದ ಕಾರಣಗಳಿಗೆ ಮಾತ್ರ ಅದನ್ನು ರಸ್ತೆಗೆ ತಂದು, ಪ್ರತಿಯೊಂದು ಓಡಾಟವನ್ನೂ ದಾಖಲಿಸಬೇಕು. ನನ್ನಂತಹವರು ಪಟ್ಟ ಪಾಡಿಗೆ ಇದು ತಡವಾಗಿ ಬಂದ ಔಷಧ. ಆದರೆ ಅಧಿಕಾರಪತ್ರವಿಲ್ಲದ ದಲ್ಲಾಳಿಗೆ ಕೊಟ್ಟರೆ ಈ ರಕ್ಷೆಯು ಇಲ್ಲ. ಆದುದರಿಂದ ಪತ್ರವನ್ನು ತೋರಿಸೆಂದು ಸಂಕೋಚವಿಲ್ಲದೆ ಕೇಳಬೇಕು.

ಇಷ್ಟೆಲ್ಲ ಆದ ಮೇಲೆ ಒಂದು ತಿಂಗಳು ಬಿಟ್ಟು ಪರಿವಾಹನದ ತಾಣದಲ್ಲಿ ನಿಮ್ಮ ಹಳೆಯ ಗಾಡಿಯ ಸಂಖ್ಯೆಯನ್ನು ಕೊಟ್ಟು ನೋಡಿರಿ. ಹೆಸರು ಬದಲಾಗಿದ್ದರೆ ಆ ಪುಟದ ಚಿತ್ರವನ್ನು ತೆಗೆದು ನಿಮ್ಮ ಕಾಗದಗಳೊಡನೆ ಇಡಿ. ಬದಲಾಗಿಲ್ಲವಾದರೆ ಕೊಂಡವರಿಗೆ ಪತ್ರ ಬರೆಯಿರಿ. ನಿಮ್ಮ 29ನೆಯ ನಮೂನೆಯ ಪ್ರತಿಯನ್ನು ಮತ್ತೊಂದು ಸಾರಿ ಅಧಿಕಾರಿಗೆ ಸ್ವೀಕೃತಿಯ ರಸೀತಿಯೊಡನೆ ಕಳುಹಿಸಿರಿ. ಮುಂಗಾಜಿನ ಮೇಲೆ ಅಂಟಿಸಿರುವ ಫಾಸ್ಟ್ಯಾಗ್ ಚೀಟಿಯನ್ನು ಗಾಡಿ ಕೊಡುವ ಮೊದಲೇ ಮುಚ್ಚಿಸಬೇಕು. ನಾನು ಅದನ್ನೂ ಮರೆತಿದ್ದೆನು. ಹಣವು ನನ್ನ ಖಾತೆಯಿಂದ ಹೋಗುತ್ತಲೇ ಇತ್ತು. ಕಾರು ಯಾವ ದಿನ ಯಾವ ಸುಂಕದ ಕಟ್ಟೆಯನ್ನು ದಾಟಿತೆಂಬ ಸಂದೇಶವು ಎರಡು ತಿಂಗಳ ಕಾಲ ನನ್ನ ಮೊಬೈಲಿಗೆ ಬರುತ್ತಿತ್ತು. ಮನೆಯ ಮಕ್ಕಳು ಮಾತ್ರ, “ಇವತ್ತು ನಮ್ಮ ಕಾರು ನೆಲಮಂಗಲ ದಾಟಿತು” ಎಂದು ಓದಿ ಸಂತೋಷಪಡುತ್ತಿದ್ದರು.